ಪುಣೆಯ ರಸ್ತೆಗೆ ಎಷ್ಟು ಗಾಳಿ?

ರೋಡ್ ಬೈಕಿನ, ಅಂದರೆ ಡಾಂಬರು ರಸ್ತೆಗೆಂದೇ ಮಾಡಿದ ತೆಳು ಟೈರಿನ ಸೈಕಲ್ಲಿನ, ಟೈರಿನ ಪಕ್ಕದಲ್ಲಿ 'ಮ್ಯಾಕ್ಸ್ 120 ಪಿಎಸ್‌ಐ' (ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ) ಎಂದು ಅಚ್ಚಾಗಿರುತ್ತದೆ. ಅದನ್ನು ಓದಿದ ಹೊಸಬರು ಪಂಪು ಹಿಡಿದು 120ರ ತನಕ ಹೊಡೆಯುತ್ತಾರೆ. ಲಿಫ್ಟಿನಲ್ಲಿ 'ಗರಿಷ್ಠ 8 ಜನ' ಎಂದು ಬರೆದಿದೆ ಅಂತ ಪ್ರತಿ ಸಲವೂ ಎಂಟು ಜನರನ್ನು ಒಟ್ಟುಮಾಡಿಕೊಂಡೇ ಹತ್ತಿದ ಹಾಗಾಯಿತು ಇದು. ಆ ಅಂಕಿ ಟೈರು ತಡೆದುಕೊಳ್ಳುವ ಮಿತಿ ಮಾತ್ರ. ನಿಮ್ಮ ತೂಕ ಎಷ್ಟು, ಕೋಥರೂಡಿನಿಂದ ಹಿಂಜವಡಿಗೆ ಹೋಗುವ ದಾರಿ ಹೇಗಿದೆ ಎನ್ನುವುದು ಟೈರು ಮಾಡಿದವನಿಗೆ ಗೊತ್ತಿಲ್ಲ.

ಕಲ್ಲಿನಂತೆ ಬಿಗಿದ ಟೈರು ವೇಗವಾಗಿ ಓಡುತ್ತದೆ ಎಂಬ ನಂಬಿಕೆ ಗಾಜಿನಂಥ ರಸ್ತೆಯ ಮೇಲೆ ಸ್ವಲ್ಪ ಮಟ್ಟಿಗೆ ನಿಜ. ಪುಣೆಯಲ್ಲಿ ಅಂಥ ರಸ್ತೆ ಇನ್ನೂರು ಮೀಟರ್ ಸಿಕ್ಕರೆ, ಮುಂದಿನ ಇನ್ನೂರು ಮೀಟರ್ ಪೇವರ್ ಬ್ಲಾಕ್, ಅದಾದ ಮೇಲೆ ಪೈಪಿಗಾಗಿ ಅಗೆದು ಮುಚ್ಚಿದ ಗುರುತು, ಆಮೇಲೆ ಸಾಲಾಗಿ ನಾಲ್ಕು ರಂಬಲರ್ ಪಟ್ಟಿ. ಅಲ್ಲಿ ಬಿಗಿ ಟೈರು ಉಬ್ಬನ್ನು ನುಂಗದೆ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿ ಹಾಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ನಿಮ್ಮ ಮೈ ಕುಲುಕುವುದರಲ್ಲಿ ಖರ್ಚಾಗುತ್ತದೆ. ಗಾಳಿಯಲ್ಲಿರುವ ಟೈರಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಹಾಗಾಗಿ ಗಾಳಿಯ ಲೆಕ್ಕವನ್ನು ದಾರಿಯ ಅತಿ ಕೆಟ್ಟ ತುಂಡು ನೋಡಿ ಇಡಬೇಕು.

ಟ್ಯೂಬ್ ಇರುವ ಟೈರು, ಸವಾರ ಮತ್ತು ಸೈಕಲ್ ಸೇರಿ ಸುಮಾರು 80 ಕಿಲೋ ಎಂದುಕೊಳ್ಳಿ. 25 ಮಿ.ಮೀ. ಟೈರಿಗೆ ಮುಂದೆ 80, ಹಿಂದೆ 85 ಪಿಎಸ್‌ಐಯಿಂದ ಶುರುಮಾಡಿ. 28ಕ್ಕೆ 65 ಮತ್ತು 70. 32ಕ್ಕೆ 50 ಮತ್ತು 55. ತೂಕ ಐದು ಕಿಲೋ ಹೆಚ್ಚಿದರೆ ಎರಡು ಮೂರು ಪಿಎಸ್‌ಐ ಏರಿಸಿ, ಕಡಿಮೆ ಇದ್ದರೆ ಅಷ್ಟೇ ಇಳಿಸಿ. ಒಂದು ವಾರ ಓಡಿಸಿ, ಮೂರು ಪಿಎಸ್‌ಐ ಇಳಿಸಿ ಮತ್ತೆ ಅದೇ ದಾರಿಯಲ್ಲಿ ಹೋಗಿ. ಗುಂಡಿಯ ಅಂಚಿಗೆ ಬಿದ್ದಾಗ ರಿಮ್ಮು ನೆಲಕ್ಕೆ ಬಡಿದ 'ಠಣ್' ಕೇಳಿಸಿದರೆ ಇಳಿಸಿದ್ದು ಅತಿಯಾಯಿತು, ಐದು ಏರಿಸಿ. ಕೈ ಮರಗಟ್ಟುತ್ತಿದ್ದರೆ ಇನ್ನೂ ಇಳಿಸಲು ಜಾಗವಿದೆ. ಹುಕ್‌ಲೆಸ್ ರಿಮ್ (ಟೈರಿನ ಅಂಚನ್ನು ಹಿಡಿದಿಡುವ ಕೊಕ್ಕೆ ಇಲ್ಲದ ರಿಮ್) ಇದ್ದವರಿಗೆ ಮಾತ್ರ ಈ ಸ್ವಾತಂತ್ರ್ಯ ಪೂರ್ತಿ ಇಲ್ಲ. ಅಲ್ಲಿ 5 ಬಾರ್, ಅಂದರೆ 72.5 ಪಿಎಸ್‌ಐ ದಾಟುವಂತಿಲ್ಲ. ಟೈರು ರಿಮ್ಮಿನಿಂದ ಹಾರಿಹೋಗಬಹುದು.

ಹೆಬ್ಬೆರಳಿನಿಂದ ಒತ್ತಿ ನೋಡುವ ಪರೀಕ್ಷೆ ದೂದ್‌ವಾಲಾನ ಸೈಕಲ್ಲಿಗೆ ಸರಿ. 65ಕ್ಕೂ 90ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ. ಒತ್ತಡ ತೋರಿಸುವ ಗೇಜ್ ಇರುವ, ನೆಲದ ಮೇಲೆ ನಿಲ್ಲಿಸಿ ಹೊಡೆಯುವ ಪಂಪು ಮನೆಯಲ್ಲಿರಲಿ. ಪೆಟ್ರೋಲ್ ಬಂಕಿನ ಗಾಳಿ ಬೈಕು, ಕಾರುಗಳದ್ದು: ಅದರ ನಳಿಗೆ ನಿಮ್ಮ ತೆಳು ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಕೂತರೂ ಅಲ್ಲಿನ ಹುಡುಗ ಮೂವತ್ತೈದಕ್ಕೆ ನಿಲ್ಲಿಸುತ್ತಾನೆ, ಇಲ್ಲವೇ ಒಂದೇ ಏಟಿಗೆ ತುಂಬಿಸಿ ಟ್ಯೂಬು ಒಡೆಯುತ್ತಾನೆ. ಅಡಾಪ್ಟರ್ ಅನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಿ, ಆದರೆ ಕಷ್ಟಕಾಲಕ್ಕೆ ಮಾತ್ರ. ಸಾಮಾನ್ಯ ಬ್ಯೂಟೈಲ್ ರಬ್ಬರ್ ಟ್ಯೂಬಿನ ಗಾಳಿ ದಿನವೂ ಸ್ವಲ್ಪ ಸ್ವಲ್ಪ ಸೋರುತ್ತದೆ. ವಾರಕ್ಕೆ ಎರಡು ಸಲ ನೋಡಿದರೆ ಸಾಕು. ಲೇಟೆಕ್ಸ್ ಟ್ಯೂಬಾದರೆ ಪ್ರತಿ ಬೆಳಿಗ್ಗೆ ನೋಡಬೇಕು. ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ: 70ರ ಆಸುಪಾಸಿನಲ್ಲಿ ಹತ್ತು ಡಿಗ್ರಿ ಏರಿದರೆ ಸುಮಾರು ಮೂರು ಪಿಎಸ್‌ಐ ಏರುತ್ತದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರಕ್ಕೆ ತುಂಬಿಸಿದ ಗಾಳಿ ಮಧ್ಯಾಹ್ನ ಆಫೀಸಿನ ಬಯಲು ಪಾರ್ಕಿಂಗಿನಲ್ಲಿ ಬೇರೆಯೇ ಅಂಕಿ ತೋರಿಸುತ್ತದೆ.

ಟೈರಿನ ಅಳತೆಯಲ್ಲಿ ಒಂದು ತಮಾಷೆಯ ಗೊಂದಲವಿದೆ. ಪುಣೆಯನ್ನು ಸೈಕಲ್ಲುಗಳ ಊರು ಎನ್ನುತ್ತಿದ್ದ ಕಾಲದ ಕಪ್ಪು ಸೈಕಲ್ಲಿನ ಟೈರು 28 × 1½. ಪೇಟೆಯ ಒಳಗಿನ ಹಳೆ ಅಂಗಡಿಯಲ್ಲಿ 'ಅಠ್ಠಾವೀಸ್‌ಚಾ ಟೈರ್' ಕೇಳಿದರೆ ಅವರು ತೆಗೆದುಕೊಡುವುದು ಅದನ್ನೇ. ಅವರ ಇಪ್ಪತ್ತೆಂಟು ಇಂಚುಗಳ ವ್ಯಾಸ. ನಿಮ್ಮ ಇಪ್ಪತ್ತೆಂಟು ಮಿಲಿಮೀಟರುಗಳ ಅಗಲ. ಆ ಹಳೆ ಟೈರಿನ ಬೀಡ್ (ರಿಮ್ಮಿಗೆ ಕಚ್ಚುವ ಅಂಚು) ಕೂರುವ ವ್ಯಾಸ 635 ಮಿ.ಮೀ., ರೋಡ್ ಬೈಕಿನ 700ಸಿ ಚಕ್ರದ್ದು 622. ಹದಿಮೂರು ಮಿ.ಮೀ. ವ್ಯತ್ಯಾಸ, ಸಡಿಲವಾಗಿ ಜಾರುತ್ತದೆ. ಟೈರಿನ ಪಕ್ಕ '28-622' ಎಂದು ಬರೆದಿದೆಯೇ ನೋಡಿ ತೆಗೆದುಕೊಳ್ಳಿ, ಬೇರೆ ಯಾವ ಹೆಸರನ್ನೂ ನಂಬಬೇಡಿ. ಟ್ಯೂಬಿನ ವಾಲ್ವೂ ನೋಡಬೇಕು. ಪ್ರೆಸ್ಟಾ ವಾಲ್ವಿಗಾಗಿ ಕೊರೆದ ರಿಮ್ ತೂತಿನಲ್ಲಿ ಸ್ಕೂಟರ್ ಮಾದರಿಯ ದಪ್ಪ ವಾಲ್ವ್ ತೂರುವುದಿಲ್ಲ. ಅಂದಹಾಗೆ ಆ ಹಳೆಯ ಕಪ್ಪು ಸೈಕಲ್ಲು ನಲವತ್ತು ಮಿ.ಮೀ. ಹತ್ತಿರದ ಟೈರಿನಲ್ಲಿ ಮೆತ್ತಗೆ ಓಡುತ್ತಿತ್ತು. ರೇಸ್ ಜಗತ್ತು 23ರಿಂದ 28ಕ್ಕೆ, ಅಲ್ಲಿಂದ ಮೂವತ್ತರ ಕಡೆಗೆ ಬಂದದ್ದು ಆಮೇಲೆ.

ಎಷ್ಟು ಅಗಲ ಹಿಡಿಸುತ್ತದೆ ಎನ್ನುವುದನ್ನು ಫ್ರೇಮು, ಫೋರ್ಕು, ಬ್ರೇಕು ಸೇರಿ ತೀರ್ಮಾನಿಸುತ್ತವೆ. ಟೈರಿನ ಎರಡೂ ಬದಿಗೆ, ಮೇಲೆಯೂ ಕನಿಷ್ಠ ನಾಲ್ಕು ಮಿ.ಮೀ. ಜಾಗ ಉಳಿಯಬೇಕು. ಮಳೆಗಾಲದಲ್ಲಿ ಟೈರಿಗೆ ಅಂಟಿಕೊಂಡ ಸಣ್ಣ ಜಲ್ಲಿ ಆ ಸಂದಿಯಲ್ಲಿ ಕೆರೆದು ಫ್ರೇಮಿನ ಬಣ್ಣ, ಆಮೇಲೆ ಕಾರ್ಬನ್ನನ್ನೇ ತಿನ್ನುತ್ತದೆ. ರಿಮ್ಮನ್ನೇ ಎರಡು ಬದಿಯಿಂದ ಹಿಡಿಯುವ ರಿಮ್ ಬ್ರೇಕಿನ ಸೈಕಲ್ಲಾದರೆ 25 ಅಥವಾ 28ಕ್ಕೇ ಬ್ರೇಕಿನ ಕವೆ (ಕ್ಯಾಲಿಪರ್) ತಡೆಯುತ್ತದೆ. ಹಿಡಿಸುವಷ್ಟರಲ್ಲಿ ಅಗಲವಾದದ್ದನ್ನು ಹಾಕಿ. ಟ್ರೆಡ್ ಗೆರೆಗಳ ಬಗ್ಗೆ ಚಿಂತೆ ಬೇಡ. ಸೈಕಲ್ ಟೈರು ಕಿರಿದು, ವೇಗ ಕಡಿಮೆ, ನೀರಿನ ಮೇಲೆ ತೇಲುವ ಪ್ರಶ್ನೆಯೇ ಇಲ್ಲ; ನುಣುಪು ಟೈರಿಗೂ ಒದ್ದೆ ಡಾಂಬರಿನಲ್ಲಿ ಹಿಡಿತವಿದೆ. ಜಾರುವುದು ಬೇರೆ ಕಡೆ: ಜೀಬ್ರಾ ಪಟ್ಟಿಯ ಬಣ್ಣ, ಮೆಟ್ರೋ ಕೆಲಸದಲ್ಲಿ ಹಾಸಿದ ಉಕ್ಕಿನ ತಗಡು, ಮ್ಯಾನ್‌ಹೋಲ್ ಮುಚ್ಚಳ, ಜೂನ್ ತಿಂಗಳ ಮೊದಲ ಮಳೆಗೆ ಮೇಲೆದ್ದ ಎಣ್ಣೆ. ಇವುಗಳ ಮೇಲೆ ನೇರ ಹೋಗಿ. ತಿರುಗಿಸಬೇಡಿ, ಬ್ರೇಕ್ ಒತ್ತಬೇಡಿ. ಚರಂಡಿಯ ಜಾಲರಿಯ ಸೀಳು ನೀವು ಹೋಗುವ ದಿಕ್ಕಿಗೇ ಇದ್ದರೆ ರೋಡ್ ಟೈರು ಪೂರ್ತಿ ಒಳಗಿಳಿಯುತ್ತದೆ. ಅಂಥದ್ದನ್ನು ದೂರದಿಂದಲೇ ಗುರುತಿಸಿ ಬಳಸಿಹೋಗಬೇಕು.

ಇನ್ನು ಪಂಕ್ಚರ್. ಹತ್ತರಲ್ಲಿ ಒಂಬತ್ತು ಜನ ತೂತು ಮುಚ್ಚುತ್ತಾರೆ, ಅದು ಯಾಕಾಯಿತು ಎಂದು ನೋಡುವುದಿಲ್ಲ. ಮರುದಿನ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋಗುತ್ತದೆ. ಟೈರು ಹಾಕುವಾಗಲೇ ಅದರ ಹೆಸರಿನ ಅಚ್ಚು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಆಗ ಟ್ಯೂಬಿನಲ್ಲಿ ತೂತು ಸಿಕ್ಕ ಮೇಲೆ, ವಾಲ್ವಿನಿಂದ ಒಂದು ಗೇಣು ಬಲಕ್ಕೆ ಎಂದು ಅಳೆದು, ಟೈರಿನಲ್ಲೂ ಅದೇ ಜಾಗಕ್ಕೆ ಕೈ ಇಡಬಹುದು. ಟ್ಯೂಬಿನ ಹೊರಮೈಗೆ ಒಂದೇ ಸೂಜಿತೂತು ಇದ್ದರೆ ಮುಳ್ಳು, ಗಾಜು ಅಥವಾ ತಂತಿ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು ಇದ್ದರೆ ಗುಂಡಿಯಲ್ಲಿ ರಿಮ್ಮು ಟ್ಯೂಬನ್ನು ಕಚ್ಚಿದೆ, ಅಂದರೆ ಗಾಳಿ ಕಡಿಮೆಯಿತ್ತು. ತೂತು ಒಳಮೈಗೆ, ರಿಮ್ಮಿನ ಕಡೆಗೆ ಇದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತೂತಿನ ಅಂಚು ಕೊರೆದಿದೆ. ಪ್ಯಾಚ್ ಹಾಕಿ ಪ್ರಯೋಜನವಿಲ್ಲ, ಟೇಪ್ ಬದಲಾಯಿಸಬೇಕು. ವಾಲ್ವಿನ ಬುಡದಲ್ಲಿ ಹರಿದಿದ್ದರೆ ವಾಲ್ವಿನ ನಟ್ಟು ಅತಿಯಾಗಿ ಬಿಗಿಯಾಗಿತ್ತು, ಇಲ್ಲವೇ ಪಂಪಿನ ಬಾಯಿಯನ್ನು ಅಡ್ಡಡ್ಡ ಎಳೆದು ಕಿತ್ತಿದ್ದೀರಿ. ಆ ಟ್ಯೂಬು ಕಸಕ್ಕೆ.

ಎಲ್ಲಕ್ಕಿಂತ ಸತಾಯಿಸುವುದು ತಂತಿ. ಚಾಂದನಿ ಚೌಕದಿಂದ ಕಾತ್ರಜ್ ಕಡೆ ಬೈಪಾಸಿನಲ್ಲಿ, ಅಲ್ಲಿಂದ ಮುಂದೆ ನಮ್ಮ ಬೆಳಗಾವಿ ದಾರಿಯ ಹೆದ್ದಾರಿಯ ಅಂಚಿನಲ್ಲಿ ಒಡೆದ ಲಾರಿ ಟೈರಿನ ಚಿಂದಿಗಳು ಬಿದ್ದಿರುತ್ತವೆ. ಅದರೊಳಗಿನ ಉಕ್ಕಿನ ಎಳೆ ಕೂದಲಿಗಿಂತ ತುಸು ದಪ್ಪ, ಅರ್ಧ ಸೆಂಟಿಮೀಟರಿನ ಚೂರು. ಅದು ಟೈರಿನ ರಬ್ಬರಿನಲ್ಲಿ ಹುದುಗಿಕೊಂಡು, ತುದಿಯನ್ನು ಒಳಕ್ಕೆ ಕೂದಲೆಳೆಯಷ್ಟೇ ಚಾಚಿರುತ್ತದೆ. ಹೊರಗೆ ಕಾಣುವುದಿಲ್ಲ, ಬೆರಳಾಡಿಸಿದರೂ ಎಷ್ಟೋ ಸಲ ಸಿಗುವುದಿಲ್ಲ. ಹಳೆಯ ಕಾಲುಚೀಲ ಅಥವಾ ಹತ್ತಿಯ ಉಂಡೆಯಿಂದ ಟೈರಿನ ಒಳಮೈಯನ್ನು ಎರಡೂ ದಿಕ್ಕಿಗೆ ಸವರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ತಂತಿ. ಟೈರನ್ನು ಅಲ್ಲಿ ಹಿಂದುಮುಂದಾಗಿ ಮಡಚಿದರೆ ತುದಿ ಮೇಲೇಳುತ್ತದೆ. ಉಗುರು ಕಟ್ಟರಿನಿಂದ ಕಚ್ಚಿ ಎಳೆಯಿರಿ, ಕತ್ತರಿಸಬೇಡಿ. ಮುರಿದು ಒಳಗುಳಿದ ಅರ್ಧ ಮುಂದಿನ ಟ್ಯೂಬಿಗೆ ಕಾಯುತ್ತದೆ.

ಪ್ಯಾಚ್ ಹಾಕುವಾಗ ಅವಸರವೇ ವೈರಿ. ಉಜ್ಜುಕಾಗದದಿಂದ ಟ್ಯೂಬಿನ ಹೊಳಪು ಹೋಗುವ ತನಕ ತಿಕ್ಕಿ, ಸೊಲ್ಯೂಷನ್ನನ್ನು ತೆಳ್ಳಗೆ ಪ್ಯಾಚಿಗಿಂತ ಅಗಲಕ್ಕೆ ಹಚ್ಚಿ, ಐದು ನಿಮಿಷ ಪೂರ್ತಿ ಒಣಗಲು ಬಿಡಿ. ಹಸಿಯಾಗಿರುವಾಗಲೇ ಅಂಟಿಸಿದ್ದು ಬಿಸಿಲಿಗೆ ಎದ್ದುಬರುತ್ತದೆ. ಟೈರಿನಲ್ಲೇ ಮೂರು ನಾಲ್ಕು ಮಿ.ಮೀ. ಸೀಳಿದ್ದರೆ ಟ್ಯೂಬು ಅದರಿಂದ ಗುಳ್ಳೆಯಾಗಿ ಹೊರಬಂದು ಒಡೆಯುತ್ತದೆ. ಖಾಲಿ ಟೂತ್‌ಪೇಸ್ಟ್ ಟ್ಯೂಬನ್ನು ಸೀಳಿ, ತೊಳೆದು, ಎರಡು ಬೆರಳಗಲ ಕತ್ತರಿಸಿ ಇಟ್ಟುಕೊಂಡಿರಿ. ಟೈರಿನ ಒಳಗೆ ಅದನ್ನು ಅಡ್ಡ ಇಟ್ಟರೆ ಮನೆ ತಲುಪಬಹುದು. ಹತ್ತಿರದಲ್ಲಿ ಸ್ಕೂಟರ್ ಪಂಕ್ಚರ್ ಅಂಗಡಿ ಕಂಡಿತೆಂದು ಬಿಸಿ ಒತ್ತುವ ಪ್ಯಾಚಿಗೆ ಒಪ್ಪಬೇಡಿ. ರೋಡ್ ಬೈಕಿನ ತೆಳು ಟ್ಯೂಬು ಆ ಶಾಖಕ್ಕೆ ಸುಕ್ಕುಗಟ್ಟುತ್ತದೆ. ಟೈರು ಮರಳಿ ಹಾಕುವಾಗ ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನಲ್ಲಿ ಮುಗಿಸಿ. ಬೀಡನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತುತ್ತಾ ಬಂದರೆ ಕೊನೆಯ ಒಂದು ಗೇಣು ಕೈಯಲ್ಲೇ ಏರುತ್ತದೆ. ಅಲ್ಲಿ ಟೈರ್ ಲಿವರ್ ಹಾಕಿ ಮೀಟಿದರೆ ಹೊಸ ಟ್ಯೂಬಿಗೆ ಹೊಸ ತೂತು.

ಟ್ಯೂಬ್‌ಲೆಸ್ ಆದರೆ ಇದೆಲ್ಲ ಇಲ್ಲವೇ? ಸಣ್ಣ ತೂತುಗಳಿಲ್ಲ, ನಿಜ. 28ರ ಟೈರಿಗೆ 30ರಿಂದ 40 ಮಿ.ಲೀ. ಸೀಲಂಟ್, ಅಂದರೆ ತೂತನ್ನು ಒಳಗಿನಿಂದ ಮುಚ್ಚುವ ದ್ರವ, ಬೇಕು. ನಮ್ಮ ಬಿಸಿಲಿಗೆ ಅದು ಎರಡು ತಿಂಗಳಲ್ಲಿ ಒಣಗಿ ಮೊಸರಿನ ಗಡ್ಡೆಯಾಗುತ್ತದೆ. ಅದನ್ನು ನೆನಪಿಟ್ಟು ತುಂಬಿಸುವವರಿಗೆ ಟ್ಯೂಬ್‌ಲೆಸ್ ಒಳ್ಳೆಯದು, ಮರೆಯುವವರಿಗೆ ಟ್ಯೂಬೇ ಒಳ್ಳೆಯದು.

ಹಿಂದಿನ ಟೈರು ಮುಂದಿನದಕ್ಕಿಂತ ಬೇಗ ಸವೆದು ನಡುವೆ ಚಪ್ಪಟೆಯಾಗುತ್ತದೆ. ಆಗ ಹೊಸ ಟೈರನ್ನು ಹಿಂದಕ್ಕೆ ಹಾಕಬೇಡಿ. ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ.

ಬ್ರೇಕಿನ ವಿಷಯಕ್ಕೆ ಬಂದರೆ ಪುಣೆಯವರಿಗೆ ಸಿಂಹಗಡವೇ ಪರೀಕ್ಷೆ. ಡೋಣಜೆ ಕಡೆಯಿಂದ ಕೋಟೆಗೆ ಏರುವ ರಸ್ತೆ ಎಂಟೊಂಬತ್ತು ಕಿ.ಮೀ.ಗೆ ಆರುನೂರು ಮೀಟರಿನಷ್ಟು ಎತ್ತರ ಗಳಿಸುತ್ತದೆ. ಇಳಿಯುವಾಗ ಆ ಎತ್ತರವನ್ನೆಲ್ಲ ಎಲ್ಲಾದರೂ ಸುರಿಯಬೇಕಲ್ಲ. ಸವಾರನೂ ಸೈಕಲ್ಲೂ ಸೇರಿ 85 ಕಿಲೋ ಇದ್ದರೆ ಅದು ಸುಮಾರು 500 ಕಿಲೋಜೂಲ್, ಒಂದೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ. ಜೋರಾಗಿ ಇಳಿದರೆ ಎದುರು ಗಾಳಿಯೇ ಬಹುಪಾಲನ್ನು ನುಂಗುತ್ತದೆ. ಹೆದರಿ ಬ್ರೇಕ್ ಹಿಡಿದೇ ನಿಧಾನಕ್ಕೆ ಇಳಿದರೆ ಹೆಚ್ಚಿನದೆಲ್ಲ ರಿಮ್ಮಿಗೋ ಡಿಸ್ಕಿಗೋ ಹೋಗುತ್ತದೆ. ಜೀಪುಗಳು ಎದುರು ಬರುವ ಆ ಕಿರಿದಾದ ತಿರುವುಗಳಲ್ಲಿ ಯಾರೂ ಜೋರಾಗಿ ಇಳಿಯಬಾರದು, ಹಾಗಾಗಿ ಉಪಾಯ ಬೇರೆ: ನೇರ ತುಂಡಿನಲ್ಲಿ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಎರಡು ಮೂರು ಸೆಕೆಂಡ್ ಹಿಡಿದು ವೇಗ ಇಳಿಸಿ, ಬಿಡಿ, ಗಾಳಿಗೆ ಆರಲಿ. ತಿರುವಿಗೆ ಮುಂಚೆಯೇ ಬ್ರೇಕಿನ ಕೆಲಸ ಮುಗಿದಿರಬೇಕು. ಕೈಗಳು ಹ್ಯಾಂಡಲಿನ ಬಾಗಿದ ಹಿಡಿಯ ಕೆಳಭಾಗದಲ್ಲಿರಲಿ; ಅಲ್ಲಿಂದ ಎರಡು ಬೆರಳಿಗೆ ಬರುವ ಬಲ ಮೇಲಿನ ಹಿಡಿತದಲ್ಲಿ ನಾಲ್ಕು ಬೆರಳಿಗೂ ಬರುವುದಿಲ್ಲ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಇದ್ದವರು ಈ ಇಳಿಜಾರಿಗೆ ಅಲ್ಯುಮಿನಿಯಮ್ ಚಕ್ರ ಹಾಕಿಕೊಂಡು ಬರುವುದೇ ಜಾಣತನ. ರಿಮ್ ಬ್ರೇಕ್ ಜೊತೆ ಟಿಪಿಯು (ಹಗುರ ಪ್ಲಾಸ್ಟಿಕ್) ಟ್ಯೂಬೂ ಬೇಡ, ಶಾಖಕ್ಕೆ ಮೆದುವಾಗುತ್ತದೆ.

ಮುಂದಿನ ಬ್ರೇಕ್ ಒತ್ತಿದರೆ ಪಲ್ಟಿ ಹೊಡೆಯುತ್ತೇವೆ ಎಂದು ಚಿಕ್ಕಂದಿನಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಅದನ್ನು ಮರೆಯಬೇಕು. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ನಿಲ್ಲಿಸುವ ಕೆಲಸ ಮಾಡುವುದು ಮುಂದಿನದೇ. ಸೊಂಟವನ್ನು ಹಿಂದಕ್ಕೆ ತಳ್ಳಿ, ಲಿವರನ್ನು ಒಮ್ಮೆಲೇ ಎಳೆಯದೆ ಹಿಂಡುತ್ತಾ ಹೋಗಿ. ಹೊಸ ಸೈಕಲ್ ತಂದ ದಿನ ಮುಂದಿನ ಬ್ರೇಕ್ ಯಾವ ಕೈಗೆ ಬಂದಿದೆ ಎಂದು ಮೊದಲು ನೋಡಿಕೊಳ್ಳಿ, ಎಲ್ಲವೂ ಬಲಗೈಗೇ ಇರುವುದಿಲ್ಲ.

ರಿಮ್ ಬ್ರೇಕಿಗೆ ಮಳೆಗಾಲ ಕಷ್ಟಕಾಲ. ಲಿವರ್ ಒತ್ತಿದ ಮೇಲೆ ರಿಮ್ಮಿನ ನೀರು ಒರೆಸಿಹೋಗಲು ಚಕ್ರ ಒಂದೆರಡು ಸುತ್ತು ತಿರುಗಬೇಕು, ಆಮೇಲೆ ಹಿಡಿತ. ಸಿಗ್ನಲ್ ಕಾಣುತ್ತಲೇ ಮೆತ್ತಗೆ ತಾಗಿಸಿ ಒಣಗಿಸಿಕೊಳ್ಳಿ. ವಾರಕ್ಕೊಮ್ಮೆ ಚಕ್ರ ತೆಗೆದು ಪ್ಯಾಡಿನ ಮುಖ ನೋಡಿ: ಕಪ್ಪು ರಬ್ಬರಿನ ನಡುವೆ ಬೆಳ್ಳಿಯಂತೆ ಮಿನುಗುವ ಚುಕ್ಕೆಗಳು ಕಾಣುತ್ತವೆ. ಅವು ನಿಮ್ಮ ರಿಮ್ಮಿನಿಂದಲೇ ಕಿತ್ತ ಅಲ್ಯುಮಿನಿಯಮ್ ಚೂರುಗಳು. ಕೆಸರಿನ ಮರಳು ಕೆರೆದದ್ದನ್ನು ಪ್ಯಾಡು ನುಂಗಿ ಇಟ್ಟುಕೊಂಡಿದೆ, ಈಗ ಪ್ರತಿ ಬ್ರೇಕಿಗೂ ಅದೇ ಚೂರು ಮತ್ತಷ್ಟು ಕೆರೆಯುತ್ತದೆ. ಆ 'ಕರ್‌ರ್' ಶಬ್ದ ಅದರದ್ದು. ಪಿನ್ನಿನಿಂದ ಒಂದೊಂದಾಗಿ ಕಿತ್ತು, ಪ್ಯಾಡಿನ ಮುಖವನ್ನು ಉಜ್ಜುಕಾಗದದ ಮೇಲೆ ಸಮ ಮಾಡಿ, ರಿಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ರಿಮ್ಮಿನ ಪಕ್ಕದಲ್ಲಿ ಸವೆತ ತೋರಿಸುವ ಸಣ್ಣ ಚುಕ್ಕೆಯೋ ಗೆರೆಯೋ ಇರುತ್ತದೆ. ಅದು ಅಳಿಸಿಹೋಗಿದ್ದರೆ, ಅಥವಾ ಬೆರಳಿಗೆ ತಗ್ಗು ಸಿಕ್ಕರೆ ರಿಮ್ಮಿನ ಆಯುಷ್ಯ ಮುಗಿಯಿತು. ಪ್ಯಾಡು ಕೂರಿಸುವಾಗ ಅದರ ಮೇಲಂಚು ರಿಮ್ಮಿನ ಅಂಚಿಗಿಂತ ಒಂದು ಮಿ.ಮೀ. ಕೆಳಗಿರಲಿ. ಟೈರಿಗೆ ತಾಗಿದರೆ ಒಂದೇ ಘಾಟಿನಲ್ಲಿ ಪಕ್ಕದ ಗೋಡೆ ಸವೆದು ಸ್ಫೋಟ.

ಡಿಸ್ಕ್ ಬ್ರೇಕಿನ ಶತ್ರು ಎಣ್ಣೆ. ಬೈಕ್ ತೊಳೆಯುವ ಸರ್ವೀಸ್ ಸೆಂಟರಿಗೆ ಸೈಕಲ್ ಕೊಟ್ಟರೆ, ನೀರು ಹೊಡೆದು, ಹೊಳಪಿಗೆಂದು ಡೀಸೆಲ್ಲೋ ಪಾಲಿಷೋ ಸ್ಪ್ರೇ ಮಾಡುವ ಅಭ್ಯಾಸ ಅಲ್ಲಿದೆ. ಬ್ರೇಕಿನ ತಟ್ಟೆಯಾದ ರೋಟರಿನ ಮೇಲೆ ಅದು ಬಿದ್ದರೆ ಪ್ಯಾಡು ಹೀರಿಕೊಂಡು ಹಾಳಾಗುತ್ತದೆ. ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬಹುದು, ಪ್ಯಾಡನ್ನು ಎಸೆಯಬೇಕು. ಹೊಸ ಪ್ಯಾಡಿಗೆ ಹದ ಬರಿಸಬೇಕು: ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಏರಿ, ನಡಿಗೆಯ ವೇಗಕ್ಕೆ ಇಳಿಸಿ, ಚಕ್ರ ಲಾಕ್ ಆಗದಂತೆ ಇಪ್ಪತ್ತು ಸಲ. ಶಿಮಾನೋ ಕಂಪನಿಯ ಪ್ಯಾಡಿನ ಲೇಪ 0.5 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಹೊಸದಾಗಿದ್ದಾಗ 1.8 ಇದ್ದ ರೋಟರು 1.5ಕ್ಕೆ ಬಂದರೆ ಅದೂ ಮುಗಿಯಿತು. ಮಳೆಗಾಲದ ಕೆಸರಿನಲ್ಲಿ ರೆಸಿನ್ ಪ್ಯಾಡು ಗಾಬರಿಯಾಗುವಷ್ಟು ಬೇಗ ಕರಗುತ್ತದೆ. ಲೋಹದ ಪ್ಯಾಡು ಬಾಳುತ್ತದೆ, ಆದರೆ ರೋಟರಿನ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಕೆತ್ತಿದ್ದರೆ ಅದನ್ನು ಹಾಕುವಂತಿಲ್ಲ.

ಚಕ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ದುಡ್ಡು ಸುರಿಯುವ ಉತ್ಸಾಹ ಅಲ್ಲೇ ಜಾಸ್ತಿ. 80 ಕಿಲೋ ದಾಟಿದವರಿಗೆ 32 ಕಡ್ಡಿಯ ಸಾದಾ ಅಲ್ಯುಮಿನಿಯಮ್ ಚಕ್ರವೇ ಈ ಊರಿಗೆ ಸರಿ. ಕಡ್ಡಿ ಮುರಿಯುವುದು ಬಹುತೇಕ ಹಿಂದಿನ ಚಕ್ರದಲ್ಲಿ, ಚೈನಿನ ಕಡೆಗೆ, ಹಬ್ಬಿನ ಬಳಿ ಬಾಗಿದ ಜಾಗದಲ್ಲಿ. ಅತಿ ಬಿಗಿಯಿಂದ ಮುರಿಯಿತು ಎಂದು ಜನ ತಿಳಿಯುತ್ತಾರೆ. ಸಾಮಾನ್ಯವಾಗಿ ಸಡಿಲ ಕಡ್ಡಿಯೇ ಪ್ರತಿ ಸುತ್ತಿಗೂ ಬಾಗಿ ಬಾಗಿ ದಣಿದು ಮುರಿಯುತ್ತದೆ. ತಿಂಗಳಿಗೊಮ್ಮೆ ಜೋಡಿ ಜೋಡಿಯಾಗಿ ಕಡ್ಡಿಗಳನ್ನು ಹಿಂಡಿ ನೋಡಿ, ಒಂದೇ ಬದಿಯವು ಒಂದೇ ಬಿಗಿ ಇರಬೇಕು. ಬೆಂಡ್ ತೆಗೆಯಲು ರಿಮ್ಮು ಪ್ಯಾಡಿಗೆ ತಾಗುವ ಜಾಗ ಗುರುತಿಸಿ, ಎದುರು ಬದಿಯ ಕಡ್ಡಿಯ ನಿಪ್ಪಲ್ಲನ್ನು (ರಿಮ್ಮಿನ ಬಳಿ ಕಡ್ಡಿಯನ್ನು ಬಿಗಿಮಾಡುವ ನಟ್ಟು) ಕಾಲು ಸುತ್ತು ಬಿಗಿ ಮಾಡಿ ಮತ್ತೆ ತಿರುಗಿಸಿ ನೋಡಿ. ಟೈರಿನ ಕಡೆಯಿಂದ ನೋಡಿದರೆ ಪ್ರದಕ್ಷಿಣೆಯಾಗಿ ತಿರುಗಿಸಿದಾಗ ಬಿಗಿಯಾಗುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ದಾರಿಯಲ್ಲಿ ಕಡ್ಡಿ ಮುರಿದರೆ ಅದನ್ನು ಪಕ್ಕದ ಕಡ್ಡಿಗೆ ಸುತ್ತಿ, ರಿಮ್ ಬ್ರೇಕಿನ ಬಿಡುಗಡೆ ಲಿವರ್ ತೆರೆದು, ಉಳಿದ ಬ್ರೇಕನ್ನು ನೆಚ್ಚಿಕೊಂಡು ನಿಧಾನಕ್ಕೆ ಮನೆಗೆ ಬನ್ನಿ.

ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಲಿವರನ್ನು ನಲ್ಲಿಯ ಹಾಗೆ ಸುತ್ತಿ ಬಿಗಿ ಮಾಡುವವರು ಈಗಲೂ ಇದ್ದಾರೆ. ಲಿವರನ್ನು ಮಡಚಿ ಮುಚ್ಚಬೇಕು, ಅರ್ಧ ದಾರಿಯಲ್ಲಿ ಬಿಗಿ ಹತ್ತಬೇಕು, ಮುಚ್ಚಿದಾಗ ಅಂಗೈಯಲ್ಲಿ ಅದರ ಗುರುತು ಉಳಿಯಬೇಕು.

ಹಬ್ಬಕ್ಕೆ ಸೈಕಲ್ಲನ್ನೂ ಊರಿಗೆ ಒಯ್ಯುವವರಿಗೆ ಇಷ್ಟು. ಹುಬ್ಬಳ್ಳಿ ಬಸ್ಸಿನ ಡಿಕ್ಕಿಯಲ್ಲಿ ಎರಡೂ ಚಕ್ರ ಕಳಚಿಯೇ ಇಡಬೇಕು. ಹೈಡ್ರಾಲಿಕ್ ಡಿಸ್ಕ್ ಆದರೆ ಚಕ್ರ ಕಳಚಿದ ತಕ್ಷಣ ಪ್ಯಾಡುಗಳ ನಡುವೆ ರಟ್ಟಿನ ತುಂಡನ್ನು ಮಡಚಿ ತುರುಕಿ. ಡಿಕ್ಕಿಯೊಳಗೆ ಯಾರದೋ ಅಕ್ಕಿ ಚೀಲ ಲಿವರಿನ ಮೇಲೆ ಬಿದ್ದರೆ ಪಿಸ್ಟನ್ನು ಹೊರಬಂದು ಪ್ಯಾಡುಗಳು ಕೂಡಿಕೊಳ್ಳುತ್ತವೆ, ಬೆಳಿಗ್ಗೆ ಊರಿನಲ್ಲಿ ಚಕ್ರ ಒಳಗೇ ಹೋಗುವುದಿಲ್ಲ. ಹಾಗಾದರೆ ಪ್ಯಾಡು ತೆಗೆದು, ಪ್ಲಾಸ್ಟಿಕ್ ಟೈರ್ ಲಿವರಿನಿಂದ ಪಿಸ್ಟನ್ನುಗಳನ್ನು ಸಮನಾಗಿ ಹಿಂದಕ್ಕೆ ಒತ್ತಿ. ಸ್ಕ್ರೂಡ್ರೈವರ್ ಬೇಡ, ಸೆರಾಮಿಕ್ ಪಿಸ್ಟನ್ ಸೀಳುತ್ತದೆ. ಚಕ್ರಗಳನ್ನು ರೋಟರ್ ಮೇಲ್ಮುಖವಾಗಿರುವಂತೆ ಎಲ್ಲದರ ಮೇಲೆ ಇಡಿ. ಟೈರಿನ ಗಾಳಿಯನ್ನು ತೆಗೆಯುವ ಅಗತ್ಯವಿಲ್ಲ, ಇಳಿದ ಮೇಲೆ ಒಮ್ಮೆ ಗೇಜ್ ಹಾಕಿ ನೋಡಿದರಾಯಿತು.